ಹೆಪಟೈಟಿಸ್ ಬಿ, ಸಿ ಇರುವವರ ಲಿವರ್‌ನಲ್ಲಿ ಕೊಬ್ಬೆಷ್ಟು? ಸೂಜಿ ಚುಚ್ಚದೆ ಅಳೆಯುವ ಕ್ರಮ

ಹೆಪಟೈಟಿಸ್ ಬಿ ಅಥವಾ ಸಿ ಇರುವವರ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಕಂಡರೆ ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಆಗುತ್ತದೆ. ‘ವೈರಸ್ಸೇ ಇದೆಯಲ್ಲ, ಕೊಬ್ಬಿನ ಮಾತು ಆಮೇಲೆ’ ಎಂದು ಆ ಸಾಲನ್ನು ಯಾರೂ ಓದುವುದಿಲ್ಲ. ಇಲ್ಲವೇ ಎಸ್‌ಜಿಪಿಟಿ (ಎಎಲ್‌ಟಿ ಎಂದರೂ ಅದೇ, ಲಿವರ್‌ಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ) ಏರಿದ್ದಕ್ಕೆಲ್ಲ ಕೊಬ್ಬನ್ನೇ ಹೊಣೆ ಮಾಡಿ ವೈರಸ್ಸನ್ನು ಮರೆಯುತ್ತಾರೆ. ಕೊಬ್ಬು ಮತ್ತು ವೈರಸ್ ಒಂದೇ ಲಿವರ್‌ನಲ್ಲಿ ಸೇರಿಕೊಂಡಾಗ ಒಂದರ ಅಳತೆಯನ್ನು ಇನ್ನೊಂದು ಕೆಡಿಸುತ್ತದೆ. ಹಾಗಾಗಿ ಎಷ್ಟು ಒಳ್ಳೆಯ ಯಂತ್ರದಲ್ಲಿ ಅಳೆದೆವು ಎನ್ನುವುದಕ್ಕಿಂತ, ಯಾವ ಹೊತ್ತಿನಲ್ಲಿ ಅಳೆದೆವು, ಪಕ್ಕದಲ್ಲಿ ಇನ್ಯಾವ ಅಂಕಿ ಇಟ್ಟುಕೊಂಡು ಓದಿದೆವು ಎನ್ನುವುದು ಮುಖ್ಯ.

ತಾಲ್ಲೂಕು ಮಟ್ಟದ ವೈದ್ಯರು, ಶುಶ್ರೂಷಾಧಿಕಾರಿಗಳು, ಫೈಬ್ರೋಸ್ಕ್ಯಾನ್ (ಲಿವರ್‌ನ ಬಿಗಿತ, ಕೊಬ್ಬು ಅಳೆಯುವ ಪರೀಕ್ಷೆ) ಮಾಡುವ ತಂತ್ರಜ್ಞರು, ತಮ್ಮ ರಿಪೋರ್ಟನ್ನು ತಾವೇ ಓದಿ ತಿಳಿಯಬೇಕೆನ್ನುವ ರೋಗಿಗಳು, ಇಷ್ಟು ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಔಷಧಿ ಶುರು ಮಾಡುವ, ನಿಲ್ಲಿಸುವ ತೀರ್ಮಾನ ಮಾತ್ರ ನೋಡುತ್ತಿರುವ ವೈದ್ಯರದೇ.

ಯಂತ್ರದ ಹತ್ತಿರ ಹೋಗುವ ಮುನ್ನ

ಮೊದಲು ವೈರಸ್ಸಿನ ಸ್ಥಿತಿ ಗೊತ್ತಿರಬೇಕು. ಹೆಪಟೈಟಿಸ್ ಬಿ ಇದ್ದರೆ ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ಸಿನ ಪ್ರಮಾಣ) ಎಷ್ಟು, ಎಚ್‌ಬಿಇಎಜಿ (ವೈರಸ್ ಜೋರಾಗಿ ಹೆಚ್ಚುತ್ತಿರುವುದರ ಗುರುತು) ಇದೆಯೇ, ಮಾತ್ರೆ ನಡೆಯುತ್ತಿದೆಯೇ. ಸಿ ಇದ್ದರೆ ವೈರಸ್ಸಿನ ಆರ್‌ಎನ್‌ಎ ರಕ್ತದಲ್ಲಿ ಈಗ ಇದೆಯೇ, ಚಿಕಿತ್ಸೆ ಮುಗಿದಿದೆಯೇ. ಹಳೆಯ ರಿಪೋರ್ಟುಗಳಲ್ಲಿ ಡಿಎನ್‌ಎ ‘ಕಾಪೀಸ್’ ಲೆಕ್ಕದಲ್ಲಿ ಇರುತ್ತದೆ. ಸರಿಸುಮಾರು 5 ಕಾಪಿಗೆ 1 ಐಯು (ಅಂತರರಾಷ್ಟ್ರೀಯ ಯೂನಿಟ್). 10,000 ಕಾಪಿ ಎಂದು ನೋಡಿ ಗಾಬರಿಯಾಗಬೇಡಿ, ಅದು ಸುಮಾರು 2,000 ಐಯು.

ಆಮೇಲೆ ಮೈ ಅಳತೆ. ತೂಕ ಮತ್ತು ಎತ್ತರ ಎಲ್ಲರೂ ಬರೆಯುತ್ತಾರೆ, ಸೊಂಟದ ಸುತ್ತಳತೆ ಮಾತ್ರ ತಪ್ಪಿಹೋಗುತ್ತದೆ, ಅಥವಾ ಪ್ಯಾಂಟಿನ ಸೈಜನ್ನೇ ಕೇಳಿ ಬರೆದುಬಿಡುತ್ತಾರೆ. ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಆ ಅಂಕಿಗೆ ಬೆಲೆಯಿಲ್ಲ. ಕೊನೆಯ ಪಕ್ಕೆಲುಬಿನ ಕೆಳಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಬಟ್ಟೆ ಸರಿಸಿ. ರೋಗಿ ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿಕೊಳ್ಳಿ. ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹೆಚ್ಚು ಎಂದೇ ಲೆಕ್ಕ. ಬಿಎಂಐ 23 ದಾಟಿದರೂ ಹಾಗೆಯೇ, 25ರವರೆಗೆ ಕಾಯಬೇಕಿಲ್ಲ. ಜೊತೆಗೆ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ರಕ್ತದ ಕೊಬ್ಬಿನ ಅಂಕಿಗಳಾದ ಟ್ರೈಗ್ಲಿಸರೈಡ್, ಎಚ್‌ಡಿಎಲ್. 2023ರಲ್ಲಿ ಬಂದ ಹೊಸ ಹೆಸರಿಡುವ ಕ್ರಮದ ಪ್ರಕಾರ ಲಿವರ್‌ನಲ್ಲಿ ಕೊಬ್ಬು ಇದ್ದು ಇವುಗಳಲ್ಲಿ ಒಂದಾದರೂ ಏರುಪೇರಾಗಿದ್ದರೆ ಚಯಾಪಚಯದ ಫ್ಯಾಟಿ ಲಿವರ್, ಅಂದರೆ ಎಂಎಎಸ್‌ಎಲ್‌ಡಿ, ಎನ್ನುತ್ತಾರೆ. ವೈರಲ್ ಹೆಪಟೈಟಿಸ್ ಇದ್ದ ಮಾತ್ರಕ್ಕೆ ಆ ಹೆಸರು ತಪ್ಪುವುದಿಲ್ಲ, ಎರಡೂ ರೋಗನಿರ್ಣಯಗಳನ್ನು ಒಟ್ಟಿಗೆ ಬರೆಯಬಹುದು.

ಕುಡಿತದ ಪ್ರಶ್ನೆಯನ್ನು ‘ಕುಡೀತೀರಾ?’ ಎಂದು ಕೇಳಿದರೆ ‘ಯಾವಾಗಾದ್ರೂ ಸ್ವಲ್ಪ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ಏನು, ಎಷ್ಟು ಎಂಎಲ್, ವಾರಕ್ಕೆ ಎಷ್ಟು ದಿನ ಎಂದು ಕೇಳಿ, ಗ್ರಾಮಿಗೆ ಇಳಿಸಿ. ಶೇ. 42.8ರ ವಿಸ್ಕಿ ಅಥವಾ ರಮ್ಮಿನ ಒಂದು ‘ನೈಂಟಿ’ಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ, ಕ್ವಾರ್ಟರ್‌ನಲ್ಲಿ 60. ಶೇ. 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 40 ಚಿಲ್ಲರೆ. ಗಂಡಸರಿಗೆ ವಾರಕ್ಕೆ 210, ಹೆಂಗಸರಿಗೆ 140 ಗ್ರಾಂ ದಾಟಿದರೆ ಕೊಬ್ಬಿಗೆ ಕುಡಿತವೂ ಕಾರಣ ಎಂದು ವರ್ಗ ಬದಲಾಗುತ್ತದೆ. ‘ದಿನಾ ಒಂದೇ ನೈಂಟಿ’ ಎನ್ನುವವರು ಲೆಕ್ಕ ಹಾಕಿದರೆ ಆ ಗೆರೆಯ ಮೇಲೇ ನಿಂತಿರುತ್ತಾರೆ. ಇದು ವರ್ಗೀಕರಣದ ಗೆರೆ ಅಷ್ಟೇ. ವೈರಸ್ ಇರುವ ಲಿವರ್‌ಗೆ ಇಷ್ಟು ಕುಡಿಯಬಹುದು ಎಂಬ ಪರವಾನಗಿ ಅಲ್ಲ.

ಸ್ಟಿರಾಯ್ಡ್, ಮೆಥೊಟ್ರೆಕ್ಸೇಟ್, ಅಮಿಯೊಡರೋನ್, ಟಮಾಕ್ಸಿಫೆನ್, ವಾಲ್ಪ್ರೋಯೇಟ್ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಬರೆದಿಡಿ. ಇವೂ ಲಿವರ್‌ನಲ್ಲಿ ಕೊಬ್ಬು ಕೂಡಿಸುತ್ತವೆ.

ಮಾಮೂಲಿ ಸ್ಕ್ಯಾನಿಂಗ್ ಎಷ್ಟು ಹೇಳುತ್ತದೆ

ಹೊಟ್ಟೆಯ ಅಲ್ಟ್ರಾಸೌಂಡ್ ಎಲ್ಲ ಕಡೆ ಸಿಗುತ್ತದೆ, ಹೇಗೂ ಗಡ್ಡೆ ಹುಡುಕಲು ಮಾಡಲೇಬೇಕು. ಲಿವರ್ ಪಕ್ಕದ ಕಿಡ್ನಿಯ ಹೊರಪದರಕ್ಕಿಂತ ಬೆಳ್ಳಗೆ ಕಂಡರೆ ಮೊದಲ ಗ್ರೇಡು. ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಎರಡನೆಯದು. ಹಿಂಭಾಗವೂ ವಪೆಯ ಗೆರೆಯೂ ಕಾಣದಷ್ಟು ಧ್ವನಿ ಕುಂದಿದರೆ ಮೂರನೆಯದು. ಕೊಬ್ಬು ಶೇ. 20-30 ದಾಟಿದ ಮೇಲೆಯೇ ಇದು ನಂಬಿಕೆಗೆ ತಕ್ಕ ಹಾಗೆ ಹಿಡಿಯುತ್ತದೆ. ಅಂದರೆ ಸ್ಕ್ಯಾನಿಂಗ್ ‘ನಾರ್ಮಲ್’ ಎಂದರೂ ಶೇ. 10-15ರಷ್ಟು ಕೊಬ್ಬು ಇರಬಹುದು.

ವೈರಲ್ ಹೆಪಟೈಟಿಸ್‌ನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ನಾರುಗಟ್ಟಿದ ಲಿವರ್ ಕೂಡ ಬೆಳ್ಳಗೆ, ತರಿತರಿಯಾಗಿ ಕಾಣುತ್ತದೆ. ಅವಸರದಲ್ಲಿ ನೋಡಿದವರು ಅದನ್ನೇ ಫ್ಯಾಟಿ ಎಂದು ಬರೆದುಬಿಡುತ್ತಾರೆ. ಬಿಳುಪಿನ ಜೊತೆಗೆ ಮೇಲ್ಮೈ ಗಂಟುಗಂಟಾಗಿದೆಯೇ, ಗುಲ್ಮ ದೊಡ್ಡದಾಗಿದೆಯೇ, ಪೋರ್ಟಲ್ ರಕ್ತನಾಳ ಹಿಗ್ಗಿದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಗುಲ್ಮ ದೊಡ್ಡದಿದ್ದು, ಪ್ಲೇಟ್‌ಲೆಟ್ ಕಡಿಮೆ ಇದ್ದು, ರಿಪೋರ್ಟಿನಲ್ಲಿ ಬರೀ ‘ಗ್ರೇಡ್ 1 ಫ್ಯಾಟಿ’ ಎಂದಿದ್ದರೆ ಆ ರಿಪೋರ್ಟನ್ನು ನಂಬಬೇಡಿ.

ರಕ್ತದ ಅಂಕಿಗಳಿಂದ ಕಟ್ಟುವ ಲೆಕ್ಕಗಳು

ಎಚ್‌ಎಸ್‌ಐ ಎಂಬ ಸೂಚ್ಯಂಕ ಹೀಗೆ: ಎಎಲ್‌ಟಿಯನ್ನು ಎಎಸ್‌ಟಿಯಿಂದ (ಎಸ್‌ಜಿಒಟಿ, ಇನ್ನೊಂದು ಲಿವರ್ ಕಿಣ್ವ) ಭಾಗಿಸಿ 8ರಿಂದ ಗುಣಿಸಿ, ಬಿಎಂಐ ಕೂಡಿಸಿ, ಹೆಂಗಸಾದರೆ 2, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ 2 ಸೇರಿಸಿ. 30ಕ್ಕಿಂತ ಕಡಿಮೆ ಬಂದರೆ ಕೊಬ್ಬು ಇರಲಾರದು, 36 ದಾಟಿದರೆ ಇರಬಹುದು. ಎಫ್‌ಎಲ್‌ಐ ಎನ್ನುವುದು ಟ್ರೈಗ್ಲಿಸರೈಡ್, ಜಿಜಿಟಿ (ಮತ್ತೊಂದು ಲಿವರ್ ಕಿಣ್ವ), ಬಿಎಂಐ, ಸೊಂಟದಳತೆ ನಾಲ್ಕನ್ನೂ ಬಳಸುತ್ತದೆ. ಅದರ ಸೂತ್ರ ಉದ್ದ, ಆನ್‌ಲೈನ್ ಕ್ಯಾಲ್ಕುಲೇಟರಿಗೆ ಬಿಡಿ; 30ರ ಕೆಳಗೆ ಇಲ್ಲ, 60ರಿಂದ ಮೇಲೆ ಇದೆ.

ಇವು ವೈರಲ್ ಹೆಪಟೈಟಿಸ್‌ನಲ್ಲಿ ಎಡವುವುದು ಎಲ್ಲಿ ಎಂದರೆ, ಎಎಲ್‌ಟಿಯನ್ನೂ ಜಿಜಿಟಿಯನ್ನೂ ವೈರಸ್ಸೇ ಏರಿಸಬಲ್ಲದು. ಹೆಪಟೈಟಿಸ್ ಸಿಯಲ್ಲಂತೂ ವೈರಸ್ ರಕ್ತದ ಕೊಬ್ಬನ್ನು ಇಳಿಸುವುದರಿಂದ ಟ್ರೈಗ್ಲಿಸರೈಡ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಡಿಎನ್‌ಎ ಪತ್ತೆಯಾಗದ ಮಟ್ಟಕ್ಕೆ ಇಳಿದು ಕೆಲವು ತಿಂಗಳಾದವರಲ್ಲಿ, ಸಿ ವಾಸಿಯಾದವರಲ್ಲಿ ಮಾತ್ರ ಈ ಲೆಕ್ಕಗಳಿಗೆ ಬೆಲೆ ಕೊಡಿ. ಉಳಿದವರಲ್ಲಿ ನೇರ ಅಳತೆಯೇ ಒಳ್ಳೆಯದು.

ನಾರುಗಟ್ಟುವಿಕೆ, ಅಂದರೆ ಫೈಬ್ರೋಸಿಸ್, ಅಂದಾಜಿಸುವ ಎರಡು ಲೆಕ್ಕಗಳನ್ನು ಮಾತ್ರ ಎಲ್ಲರಿಗೂ ಮಾಡಿ. ಏಪ್ರಿ: ಎಎಸ್‌ಟಿಯನ್ನು ಲ್ಯಾಬಿನ ಗರಿಷ್ಠ ಮಿತಿಯಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್‌ನಿಂದ ಭಾಗಿಸಬೇಕು. ಫಿಬ್-4: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಎಲ್ಲರೂ ಎಡವುವ ಕಲ್ಲು ಪ್ಲೇಟ್‌ಲೆಟ್. ನಮ್ಮ ಲ್ಯಾಬುಗಳು 1.8 ಲಕ್ಷ ಎಂದು ಬರೆಯುತ್ತವೆ. ಸೂತ್ರಕ್ಕೆ ಹಾಕಬೇಕಾದ್ದು 180. 1.8 ಎಂದೇ ಹಾಕಿದರೆ ಉತ್ತರ ನೂರು ಪಟ್ಟು ಬರುತ್ತದೆ, 18 ಎಂದು ಹಾಕಿದರೆ ಹತ್ತು ಪಟ್ಟು. ನೂರು ಪಟ್ಟಿನ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಹತ್ತು ಪಟ್ಟಿನದು ಸಿರೋಸಿಸ್ (ಲಿವರ್ ಪೂರ್ತಿ ನಾರುಗಟ್ಟಿ ಗಂಟಾಗುವ ಹಂತ) ಎಂದು ನಂಬಿಸಿಬಿಡುತ್ತದೆ.

52 ವರ್ಷದ ಒಬ್ಬರಿಗೆ ಎಎಸ್‌ಟಿ 48, ಎಎಲ್‌ಟಿ 62, ಪ್ಲೇಟ್‌ಲೆಟ್ 1.8 ಲಕ್ಷ, ಎಎಸ್‌ಟಿಯ ಮಿತಿ 40 ಎಂದಿಟ್ಟುಕೊಳ್ಳಿ. ಏಪ್ರಿ 0.67, ಫಿಬ್-4 ಸುಮಾರು 1.76. ವಿಶ್ವ ಆರೋಗ್ಯ ಸಂಸ್ಥೆಯ 2024ರ ಹೆಪಟೈಟಿಸ್ ಬಿ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಏಪ್ರಿ 0.5 ದಾಟಿದರೆ ಗಣನೀಯ ಫೈಬ್ರೋಸಿಸ್, 1 ದಾಟಿದರೆ ಸಿರೋಸಿಸ್ ಇರಬಹುದು ಎಂದು ಪರಿಗಣಿಸುತ್ತಾರೆ. ಇವರಿಗೆ ಬಿ ಇದ್ದರೆ ಆಗಲೇ ಚಿಕಿತ್ಸೆಯ ಗೆರೆಯೊಳಗೆ ಬಂದರು.

ಫೈಬ್ರೋಸ್ಕ್ಯಾನ್: ಒಂದು ಪ್ರೋಬು, ಎರಡು ಅಂಕಿ

ಪಕ್ಕೆಲುಬುಗಳ ನಡುವೆ ಇಟ್ಟ ಪ್ರೋಬು ಚರ್ಮದ ಮೇಲೆ ಮೆಲ್ಲಗೆ ತಟ್ಟುತ್ತದೆ. ಆ 50 ಹರ್ಟ್ಸ್ ತಟ್ಟಿನಿಂದ ಹುಟ್ಟಿದ ಅಲೆ ಲಿವರ್‌ನಲ್ಲಿ ಎಷ್ಟು ವೇಗವಾಗಿ ಓಡಿತು ಎಂದು ಅಲ್ಟ್ರಾಸೌಂಡ್ ನೋಡುತ್ತದೆ. ಬಿಗಿ ಹಗ್ಗದಲ್ಲಿ ಅಲೆ ಬೇಗ ಓಡುವ ಹಾಗೆ ಬಿಗಿತ ಹೆಚ್ಚಿದ್ದಷ್ಟೂ ವೇಗ ಹೆಚ್ಚು. ಇದು ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ. ಕೊಬ್ಬಿನ ಅಂಕಿ ಬೇರೆ. ಮಂಜಿನಲ್ಲಿ ಗಾಡಿಯ ಹೆಡ್‌ಲೈಟು ದೂರ ಹೋಗುವಷ್ಟರಲ್ಲಿ ಮಂಕಾಗುವಂತೆ, ಕೊಬ್ಬು ತುಂಬಿದ ಲಿವರ್‌ನಲ್ಲಿ ಅಲ್ಟ್ರಾಸೌಂಡ್ ಕುಂದುತ್ತಾ ಹೋಗುತ್ತದೆ. ಮೀಟರಿಗೆ ಎಷ್ಟು ಡೆಸಿಬೆಲ್ ಕುಂದಿತು ಎನ್ನುವುದೇ ‘ಕ್ಯಾಪ್’. 100ರಿಂದ 400ರ ನಡುವೆ ಬರುತ್ತದೆ.

ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಇರಬೇಕು. ತಿಂದ ಮೇಲೆ ಲಿವರ್‌ಗೆ ರಕ್ತ ಹೆಚ್ಚು ಹರಿದು ಬಿಗಿತ ಏರಿ ಕಾಣುತ್ತದೆ. ‘ಬರೀ ಕಾಫಿ, ಎರಡು ಇಡ್ಲಿ’ ಎನ್ನುವವರನ್ನೂ ಕೂರಿಸಿ, ಸರದಿಯನ್ನು ಹಿಂದಕ್ಕೆ ಹಾಕಿ.

ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಪೂರ್ತಿ ಚಾಚಿಸಿ. ಬಲಗಾಲನ್ನು ಎಡಗಾಲಿನ ಮೇಲೆ ಹಾಕಿಸಿ ಮೈ ಸ್ವಲ್ಪ ಎಡಕ್ಕೆ ಬಾಗಿಸಿದರೆ ಪಕ್ಕೆಲುಬುಗಳ ಸಂದು ಇನ್ನಷ್ಟು ತೆರೆದುಕೊಳ್ಳುತ್ತದೆ. ಕಂಕುಳ ನಡುವಿನಿಂದ ಕೆಳಗಿಳಿಯುವ ಗೆರೆಯಲ್ಲಿ, 9ರಿಂದ 11ನೆಯ ಪಕ್ಕೆಗಳ ನಡುವೆ ಜಾಗ ಹುಡುಕಿ. ಜೆಲ್ ಧಾರಾಳವಾಗಿರಲಿ. ಪ್ರೋಬು ಚರ್ಮಕ್ಕೆ ನೆಟ್ಟಗೆ ನಿಲ್ಲಬೇಕು. ತೆಳ್ಳಗಿನವರಲ್ಲಿ ಪಕ್ಕೆಯ ಮೂಳೆ ತಾಗಿ ಪ್ರೋಬು ವಾಲುತ್ತದೆ, ಆಗ ಬಲವಾಗಿ ಒತ್ತುವುದರಿಂದ ಉಪಯೋಗವಿಲ್ಲ. ಒಂದು ಸಂದು ಮೇಲೆ ಅಥವಾ ಕೆಳಗೆ ಹೋಗಿ. ಒತ್ತಡದ ಸೂಚಕ ಹಸಿರಿಗೆ ಬಂದಾಗ ಮಾತ್ರ ಗುಂಡಿ ಒತ್ತಿ, ಆ ಕ್ಷಣ ರೋಗಿ ಉಸಿರು ಎಳೆಯದೆ ಇರಲಿ.

ಚರ್ಮದಿಂದ ಲಿವರ್‌ನ ಹೊರಪೊರೆಗೆ 25 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಎಂ ಪ್ರೋಬು ಬಿಟ್ಟು ಎಕ್ಸ್‌ಎಲ್ ಹಾಕಿ. ಎಂ ಪ್ರೋಬು 25ರಿಂದ 65 ಮಿಲಿಮೀಟರ್ ಆಳದಲ್ಲಿ ನೋಡುತ್ತದೆ. ದಪ್ಪ ಮೈಯವರಲ್ಲಿ ಅದು ಲಿವರ್‌ನ ಬದಲು ಚರ್ಮದಡಿಯ ಕೊಬ್ಬನ್ನೇ ಅಳೆದು ಅಂಕಿ ಏರಿಸುತ್ತದೆ. ಎಕ್ಸ್‌ಎಲ್ 35ರಿಂದ 75ರವರೆಗೆ ನೋಡುತ್ತದೆ. ಯಾವ ಪ್ರೋಬು ಎಂದು ರಿಪೋರ್ಟಿನಲ್ಲಿ ಬರೆಯದಿದ್ದರೆ ಮುಂದಿನ ವರ್ಷದ ಹೋಲಿಕೆ ವ್ಯರ್ಥ.

ಹತ್ತು ಸರಿಯಾದ ಅಳತೆ ಬೇಕು. ಪರದೆಯ ಮೇಲೆ ಅಲೆಯ ಗೆರೆ ನೇರವಾಗಿ ಓರೆಯಾಗಿ ಇಳಿದಿರಬೇಕು. ಕವಲೊಡೆದ, ಮಸುಕಾದ ಗೆರೆಯನ್ನು ಬಿಟ್ಟುಬಿಡಿ. ಬಿಗಿತದ ಐಕ್ಯೂಆರ್ (ಅಳತೆಗಳು ಎಷ್ಟು ಚದುರಿವೆ ಎನ್ನುವ ಅಂಕಿ) ಮಧ್ಯಾಂಕದ ಶೇ. 30ರ ಒಳಗಿರಬೇಕು. ಕ್ಯಾಪ್‌ನ ಐಕ್ಯೂಆರ್ 40 ಡೆಸಿಬೆಲ್‌ನ ಒಳಗಿದ್ದರೆ ನಂಬಬಹುದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅಲೆ ಆಚೆ ದಾಟುವುದಿಲ್ಲ, ಈ ಪರೀಕ್ಷೆ ಬೇಡ. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ ಮಾಡಬೇಡಿ.

ಕ್ಯಾಪ್ ಅಂಕಿಯನ್ನು ತಿದ್ದಿ ಓದುವುದು

2017ರಲ್ಲಿ ಹಲವು ಅಧ್ಯಯನಗಳ ರೋಗಿವಾರು ಅಂಕಿಅಂಶ ಒಟ್ಟು ಸೇರಿಸಿ ಮಾಡಿದ ವಿಶ್ಲೇಷಣೆಯಲ್ಲಿ ಹೆಪಟೈಟಿಸ್ ಬಿ, ಸಿ ಇರುವವರೇ ಹೆಚ್ಚಿನ ಪಾಲು. ನಮ್ಮ ಕೆಲಸಕ್ಕೆ ಅದೇ ಹತ್ತಿರದ್ದು. ಅದರ ಗೆರೆಗಳು: 248 ದಾಟಿದರೆ ಅಲ್ಪ ಕೊಬ್ಬು, 268 ದಾಟಿದರೆ ಮಧ್ಯಮ, 280 ದಾಟಿದರೆ ಹೆಚ್ಚು. ಬರೀ ಫ್ಯಾಟಿ ಲಿವರ್ ಇರುವವರ ಮೇಲೆ ನಡೆದ 2019ರ ಅಧ್ಯಯನದ ಗೆರೆಗಳು ಬಹಳ ಮೇಲಿವೆ: 302, 331, 337. ಒಂದೇ 290ನ್ನು ಒಬ್ಬರು ‘ಗ್ರೇಡ್ 3’ ಎಂದೂ ಇನ್ನೊಬ್ಬರು ‘ಕೊಬ್ಬಿಲ್ಲ’ ಎಂದೂ ಬರೆಯುವುದು ಇದರಿಂದಲೇ. ಯಂತ್ರದ ತಪ್ಪಲ್ಲ, ಯಾವ ಪಟ್ಟಿ ಹಿಡಿದರು ಎನ್ನುವುದರ ವ್ಯತ್ಯಾಸ.

2017ರ ಗೆರೆಗಳನ್ನು ಬಳಸುವಾಗ ತಿದ್ದುಪಡಿ ಮಾಡಲೇಬೇಕು. ಇದನ್ನು ಮಾಡುವವರು ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ 10 ಕಳೆಯಿರಿ. ಬಿಎಂಐ 25ರ ಮೇಲೆ ಇದ್ದಷ್ಟು ಪ್ರತಿ ಅಂಕಕ್ಕೆ 4.4 ಕಳೆಯಿರಿ, ಕೆಳಗೆ ಇದ್ದಷ್ಟು 4.4 ಕೂಡಿಸಿ, 20ರಿಂದ 30ರವರೆಗೆ ಮಾತ್ರ ಈ ಲೆಕ್ಕ. ಹೆಪಟೈಟಿಸ್ ಬಿ ಇರುವ, ಸಕ್ಕರೆ ಕಾಯಿಲೆಯೂ ಇರುವ, ಬಿಎಂಐ 29ರ ಒಬ್ಬರಿಗೆ ಎಂ ಪ್ರೋಬಿನಲ್ಲಿ 285 ಬಂತು ಎನ್ನಿ. ಹಾಗೇ ಓದಿದರೆ ಮೂರನೆಯ ಗ್ರೇಡು. ಸಕ್ಕರೆಗೆ 10, ಬಿಎಂಐಯ ನಾಲ್ಕು ಅಂಕಕ್ಕೆ 17.6 ಕಳೆದರೆ ಉಳಿದದ್ದು 257. ಅದು ಮೊದಲ ಗ್ರೇಡು. ಅದೇ 240 ಬಂದ, ಬಿಎಂಐ 21ರ ತೆಳ್ಳನೆಯ ಮಹಿಳೆಗೆ 17.6 ಕೂಡಿಸಿದರೆ 258 ಆಗಿ, ‘ಕೊಬ್ಬಿಲ್ಲ’ ಎಂದಿದ್ದದ್ದು ‘ಇದೆ’ ಆಗುತ್ತದೆ.

ಕ್ಯಾಪ್ ಕೊಬ್ಬು ಇದೆಯೋ ಇಲ್ಲವೋ ಎನ್ನುವುದನ್ನು ಚೆನ್ನಾಗಿ ಹೇಳುತ್ತದೆ. ಮಧ್ಯಮವೋ ಹೆಚ್ಚೋ ಎಂದು ಬೇರ್ಪಡಿಸುವುದರಲ್ಲಿ ಅಷ್ಟೊಂದು ಜಾಣತನವಿಲ್ಲ. 268 ಮತ್ತು 280ರ ನಡುವಿನ ಅಂತರವೇ 12. ಗ್ರೇಡಿನ ಮೇಲೆ ಜಗಳವಾಡಬೇಡಿ.

ಬಿಗಿತದ ಅಂಕಿ ಯಾವಾಗ ಸುಳ್ಳು ಹೇಳುತ್ತದೆ

ಹೆಪಟೈಟಿಸ್ ಬಿ ಉಲ್ಬಣಿಸಿ ಎಎಲ್‌ಟಿ ಹಲವು ನೂರಕ್ಕೆ ಏರಿದಾಗ ಲಿವರ್ ಊದಿಕೊಂಡಿರುತ್ತದೆ, ಬಿಗಿತ ಹಲವು ಪಟ್ಟು ಕಾಣಬಹುದು. ಎಎಲ್‌ಟಿ ಮಿತಿಯ ಐದು ಪಟ್ಟಿಗಿಂತ ಹೆಚ್ಚಿದ್ದರೆ ಅಥವಾ ಕಾಮಾಲೆ ಇದ್ದರೆ ಬಿಗಿತದಿಂದ ಸಿರೋಸಿಸ್ ಎಂದು ಹೇಳಬೇಡಿ. ಇಳಿದ ಮೇಲೆ, ಮೂರರಿಂದ ಆರು ತಿಂಗಳು ಬಿಟ್ಟು, ಮತ್ತೆ ಮಾಡಿ. ಹಾಗೆಂದು ಮಾತ್ರೆ ಶುರು ಮಾಡುವುದನ್ನು ಈ ಮರುಪರೀಕ್ಷೆಗಾಗಿ ತಡೆಯಬಾರದು. ಪಿತ್ತನಾಳದ ಅಡ್ಡಿ, ಬಲಹೃದಯದ ವೈಫಲ್ಯ, ಇತ್ತೀಚಿನ ಹೆಚ್ಚು ಕುಡಿತ, ಇವೂ ಏರಿಸುತ್ತವೆ. ಇವೆಲ್ಲ ಇಲ್ಲದಿದ್ದರೆ ಹೆಪಟೈಟಿಸ್ ಬಿಯಲ್ಲಿ 7 ಕಿಲೋಪಾಸ್ಕಲ್ ದಾಟಿದ್ದು ಗಣನೀಯ ಫೈಬ್ರೋಸಿಸ್, 12.5 ದಾಟಿದ್ದು ಸಿರೋಸಿಸ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ.

ಒಂದು ತಿರುವುಮುರುವನ್ನೂ ನೆನಪಿಡಿ. ಲಿವರ್ ಪೂರ್ತಿ ಸಿರೋಸಿಸ್‌ಗೆ ತಿರುಗಿದಾಗ ಕೊಬ್ಬು ಕರಗಿಹೋಗುತ್ತದೆ. ಬಿಗಿತ 22, ಕ್ಯಾಪ್ 210 ಎಂದು ಬಂದರೆ ‘ಕೊಬ್ಬು ಕಡಿಮೆಯಾಗಿದೆ, ಒಳ್ಳೆಯದು’ ಎಂದು ಹೇಳಿ ಕಳಿಸಬೇಡಿ.

ಬಿಗೆ ಒಂದು ಲೆಕ್ಕ, ಸಿಗೆ ಇನ್ನೊಂದು

ಹೆಪಟೈಟಿಸ್ ಸಿಯಲ್ಲಿ ಭಾರತದಲ್ಲಿ ಹೆಚ್ಚಾಗಿ ಸಿಗುವ ವೈರಸ್ ತಳಿ ಜೀನೋಟೈಪ್ 3. ಇದು ತಾನೇ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ. ಲಿವರ್ ತನ್ನ ಕೊಬ್ಬನ್ನು ಮೂಟೆ ಕಟ್ಟಿ ರಕ್ತಕ್ಕೆ ಸಾಗಿಸುವ ದಾರಿಗೆ ವೈರಸ್ ಅಡ್ಡ ಕೂರುತ್ತದೆ. ಹಾಗಾಗಿ ಒಳಗೆ ಕೊಬ್ಬು ಜಾಸ್ತಿ, ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ 2018ರಿಂದ ಉಚಿತವಾಗಿ ಕೊಡುವ ಮಾತ್ರೆಗಳು ಎಲ್ಲ ಜೀನೋಟೈಪಿಗೂ ಕೆಲಸ ಮಾಡುವುದರಿಂದ ಈಗ ಅನೇಕರಿಗೆ ಜೀನೋಟೈಪ್ ಪರೀಕ್ಷೆಯೇ ಆಗಿರುವುದಿಲ್ಲ. ತೆಳ್ಳನೆಯ ಮೈ, ಸಕ್ಕರೆಯಿಲ್ಲ, ಎಲ್‌ಡಿಎಲ್ ಕೊಲೆಸ್ಟ್ರಾಲ್ ಅಚ್ಚರಿಯಾಗುವಷ್ಟು ಕಡಿಮೆ, ಕ್ಯಾಪ್ ಮಾತ್ರ ಹೆಚ್ಚು: ಈ ಜೋಡಣೆ ಕಂಡರೆ ಅದು ವೈರಸ್ಸಿನ ಕೊಬ್ಬು ಎಂದು ಊಹಿಸಬಹುದು.

ಇದರ ಪರೀಕ್ಷೆ ಸುಲಭ. ಚಿಕಿತ್ಸೆಗೆ ಮುಂಚೆ ಒಮ್ಮೆ, ಮಾತ್ರೆ ಮುಗಿದು 12 ವಾರಕ್ಕೆ ಆರ್‌ಎನ್‌ಎ ಇಲ್ಲವೆಂದು ಖಚಿತವಾದಾಗ ಇನ್ನೊಮ್ಮೆ ಕ್ಯಾಪ್ ನೋಡಿ. ವೈರಸ್ಸಿನ ಕೊಬ್ಬಾದರೆ ಇಳಿದಿರುತ್ತದೆ. ಇಳಿಯದೆ ಉಳಿದದ್ದು ಚಯಾಪಚಯದ್ದೋ ಕುಡಿತದ್ದೋ. ಅದೇ ಹೊತ್ತಿಗೆ ಎಲ್‌ಡಿಎಲ್ ಏರುವುದುಂಟು. ವೈರಸ್ ಮುಚ್ಚಿಟ್ಟಿದ್ದ ನಿಜವಾದ ಅಂಕಿ ಹೊರಬಂದಿರುತ್ತದೆ, ಲಿಪಿಡ್ ಪರೀಕ್ಷೆ ಮರೆಯಬೇಡಿ. ಬಿಗಿತವೂ ಬೇಗ ಇಳಿಯುತ್ತದೆ, ಆದರೆ ಆ ಇಳಿಕೆಯಲ್ಲಿ ಊತ ಕಡಿಮೆಯಾದ ಪಾಲು ದೊಡ್ಡದು. ಚಿಕಿತ್ಸೆಗೆ ಮುಂಚೆ ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆಯ ಗಡ್ಡೆ ಹುಡುಕುವ ಸ್ಕ್ಯಾನಿಂಗ್ ನಿಲ್ಲಿಸುವಂತಿಲ್ಲ.

ಹೆಪಟೈಟಿಸ್ ಬಿ ಹಾಗಲ್ಲ. ಇಲ್ಲಿ ಕಾಣುವ ಕೊಬ್ಬು ಬಹುಮಟ್ಟಿಗೆ ಸೊಂಟ, ಸಕ್ಕರೆ, ತೂಕದ್ದೇ. ಮಾತ್ರೆಯಿಂದ ವೈರಸ್ ಅಡಗಿದರೂ ಅದು ಹೋಗದು. ಹೆಪಟೈಟಿಸ್ ಬಿಯ ಮಾತ್ರೆ ಟೆನೊಫೊವಿರ್ ತಪ್ಪದೆ ತೆಗೆದುಕೊಳ್ಳುತ್ತ ಡಿಎನ್‌ಎ ಪತ್ತೆಯಾಗದೆ ಇದ್ದರೂ ಎಎಲ್‌ಟಿ 70ರಲ್ಲೇ ನಿಂತಿದ್ದರೆ ಔಷಧಿ ಬದಲಿಸುವ ಮುನ್ನ ಕ್ಯಾಪ್ ನೋಡಿ. ಇದಕ್ಕೆ ಉಲ್ಟಾ, ಡಿಎನ್‌ಎ ನೋಡದೆ ‘ಫ್ಯಾಟಿ ಲಿವರ್‌ನಿಂದ ಏರಿದೆ’ ಎನ್ನುವುದು ಇನ್ನೂ ಅಪಾಯ. ಅಳತೆಯಿಂದ ತೀರ್ಮಾನವೂ ಬದಲಾಗುತ್ತದೆ: 2024ರ ಮಾರ್ಗಸೂಚಿಯಲ್ಲಿ ಹೆಪಟೈಟಿಸ್ ಬಿ ಜೊತೆಗೆ ಸಕ್ಕರೆ ಕಾಯಿಲೆ ಅಥವಾ ಚಯಾಪಚಯದ ಫ್ಯಾಟಿ ಲಿವರ್ ಇದ್ದರೆ, ಡಿಎನ್‌ಎ, ಎಎಲ್‌ಟಿ, ಏಪ್ರಿ ಎಷ್ಟೇ ಇರಲಿ, ಚಿಕಿತ್ಸೆಗೆ ಅರ್ಹರು. ‘ಗ್ರೇಡ್ 1’ ಎಂಬ ಸಾಲನ್ನು ಓದದೆ ಬಿಟ್ಟವರು ಇದನ್ನೇ ತಪ್ಪಿಸಿಕೊಳ್ಳುತ್ತಾರೆ.

ಅಂಕಿಗಳು ಹೊಂದದಿದ್ದಾಗ, ಮತ್ತೆ ಅಳೆಯುವಾಗ

ಪಿಡಿಎಫ್‌ಎಫ್ ಎಂಬ ಎಂಆರ್‌ಐ ಅಳತೆ ಲಿವರ್‌ನ ಕೊಬ್ಬನ್ನು ಶೇಕಡಾದಲ್ಲೇ ಹೇಳುತ್ತದೆ, 5 ದಾಟಿದರೆ ಹೆಚ್ಚು. ದುಬಾರಿ; ಕ್ಯಾಪ್ ಎರಡು ಸಲವೂ ಐಕ್ಯೂಆರ್ ಕೆಟ್ಟು ಬಂದಾಗ, ಅಥವಾ ಸ್ಕ್ಯಾನಿಂಗ್ ಒಂದು, ಕ್ಯಾಪ್ ಇನ್ನೊಂದು ಹೇಳಿದಾಗ ಸಾಕು. ಕೊಬ್ಬಿಗಾಗಿಯೇ ಸಿಟಿ ಮಾಡಿಸಬೇಡಿ, ಅಲ್ಪ ಕೊಬ್ಬು ಅದರಲ್ಲಿ ಕಾಣದು.

ಮರುಅಳತೆ ವರ್ಷಕ್ಕೊಮ್ಮೆ ಸಾಕು. ಅದೇ ಯಂತ್ರ, ಅದೇ ಪ್ರೋಬು, ಅಷ್ಟೇ ಹೊತ್ತಿನ ಉಪವಾಸ. ಕ್ಯಾಪ್ 20-30 ಏರಿಳಿದದ್ದು ಅಳತೆಯ ಅಲುಗಾಟವೇ ಇರಬಹುದು, ತೂಕ ಶೇ. 5ರಷ್ಟಾದರೂ ಇಳಿದಿದೆಯೇ ಎಂದು ಪಕ್ಕದಲ್ಲಿಟ್ಟು ನೋಡಿ.

ರಿಪೋರ್ಟಿನಲ್ಲಿ ಕಡೇಪಕ್ಷ ಇಷ್ಟಿರಲಿ: ‘ಉಪವಾಸ 4 ಗಂಟೆ, ಎಂ ಪ್ರೋಬು, 10 ಅಳತೆ, ಬಿಗಿತ 7.8 ಕಿಲೋಪಾಸ್ಕಲ್, ಐಕ್ಯೂಆರ್ ಶೇ. 14, ಕ್ಯಾಪ್ 285, ಐಕ್ಯೂಆರ್ 26, ತಿದ್ದಿದ ಮೇಲೆ 257, ಬಿಎಂಐ 29, ಸೊಂಟ 98, ಆ ವಾರದ ಎಎಲ್‌ಟಿ 62, ಎಚ್‌ಬಿವಿ ಡಿಎನ್‌ಎ 1,400 ಐಯು.’ ಇಷ್ಟೂ ಇದ್ದು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ, ಅಥವಾ ಆಟೋಇಮ್ಯೂನ್ ಹೆಪಟೈಟಿಸ್‌ನಂಥ ಮೂರನೆಯ ಕಾಯಿಲೆಯ ಅನುಮಾನ ಬಂದರೆ, ಆಗ ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿಯ ಸೂಜಿಗೆ ಕೆಲಸವಿದೆ.